ಯೂರಿಯಾ, ನಿಂಬೆ ಉಪ್ಪು, ಲ್ಯಾಪ್‌ಟಾಪ್ ಪರದೆ: ಹರಳುಗಳಿಂದ ಅಮೂರ್ತ ಚಿತ್ರ ತೆಗೆಯುವ ಬಗೆ

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಗದ್ದೆಗೆ ಹೋಗುವ ಯೂರಿಯಾ ಚೀಲದಿಂದ ಒಂದು ಚಿಟಿಕೆ ಕಾಳು ತೆಗೆದು ನೀರಲ್ಲಿ ಕರಗಿಸಿ, ಗಾಜಿನ ಮೇಲೆ ತೆಳ್ಳಗೆ ಎಳೆದು ಒಣಗಿಸಿದರೆ ಬರಿಗಣ್ಣಿಗೆ ಕಾಣುವುದು ಸುಣ್ಣದ ಕಲೆಯಂಥ ಒಂದು ಬಿಳಿ ಪೊರೆ, ಅಷ್ಟೇ. ಅದೇ ಗಾಜನ್ನು ಎರಡು ಪೋಲರೈಸರ್ ಹಾಳೆಗಳ ನಡುವೆ ಹಿಡಿದು ಹತ್ತಿರದಿಂದ ಚಿತ್ರ ತೆಗೆದರೆ, ಕಪ್ಪು ನೆಲದ ಮೇಲೆ ನೀಲಿ, ಹಸಿರು, ಕೇಸರಿ ಸೂಜಿಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತವೆ. ಆ ಬಣ್ಣವನ್ನು ಯಾರೂ ಬಳಿದಿಲ್ಲ, ಫೋಟೊಶಾಪಿನಲ್ಲಿ ಸೇರಿಸಿಲ್ಲ. ಹರಳಿನ ದಪ್ಪ ಎಷ್ಟು, ಅದು ಯಾವ ಕೋನದಲ್ಲಿ ಕೂತಿದೆ ಎಂಬ ಎರಡೇ ಸಂಗತಿ ಸೇರಿ ಆ ಬಣ್ಣವನ್ನು ತೀರ್ಮಾನಿಸಿವೆ.

ಈ ಎರಡೂ ನಿಮ್ಮ ಕೈಯಲ್ಲಿವೆ. ದಪ್ಪ, ಕೋನ ತಿಳಿದವರು ಬೇಕಾದ ಬಣ್ಣವನ್ನು ಗಾಜಿನ ಮೇಲೆಯೇ ಬೆಳೆಸಿಕೊಳ್ಳಬಹುದು. ತಿಳಿಯದೆ ಕೂತವರಿಗೆ ನೂರು ಗಾಜು ಒಣಗಿಸಿದರೆ ಒಂದೆರಡು ಚಿತ್ರ ಸಿಕ್ಕಾವು. ಆದ್ದರಿಂದ ಸ್ವಲ್ಪ ವಿಜ್ಞಾನದಿಂದಲೇ ಶುರು ಮಾಡಬೇಕು.

ಬಣ್ಣ ಎಲ್ಲಿಂದ ಬರುತ್ತದೆ

ಸಾಮಾನ್ಯ ಬೆಳಕು ತಾನು ಸಾಗುವ ದಾರಿಗೆ ಅಡ್ಡಲಾಗಿ ಎಲ್ಲ ದಿಕ್ಕಿಗೂ ಕಂಪಿಸುತ್ತದೆ. ಪೋಲರೈಸರ್ ಹಾಳೆ ಒಂದೇ ದಿಕ್ಕಿನ ಕಂಪನವನ್ನು ಆಚೆ ಬಿಡುತ್ತದೆ. ಮಗ್ಗದ ಮಾತಲ್ಲಿ ಹೇಳುವುದಾದರೆ, ಮೊದಲ ಹಾಳೆಯಿಂದ ಹೊರಬಂದ ಬೆಳಕು ಬರೀ ಹಾಸು. ಎರಡನೇ ಹಾಳೆಯನ್ನು ಹೊಕ್ಕಿನ ದಿಕ್ಕಿಗೆ ತಿರುಗಿಸಿದರೆ ಏನೂ ದಾಟುವುದಿಲ್ಲ, ಪೂರ್ತಿ ಕತ್ತಲೆ.

ಈಗ ಆ ಎರಡು ಹಾಳೆಗಳ ನಡುವೆ ಹರಳು ಇಡಿ. ಹೆಚ್ಚಿನ ಹರಳುಗಳಲ್ಲಿ ಅಣುಗಳ ಜೋಡಣೆ ಎಲ್ಲ ದಿಕ್ಕಿಗೂ ಒಂದೇ ತರ ಇರುವುದಿಲ್ಲ. ಹಾಗಾಗಿ ಒಳಹೊಕ್ಕ ಬೆಳಕು ಎರಡಾಗಿ ಒಡೆದು, ಒಂದು ಮುಂದೆ, ಒಂದು ಸ್ವಲ್ಪ ಹಿಂದೆ ಸಾಗುತ್ತದೆ. ಹೊರಗೆ ಬಂದು ಎರಡನೇ ಹಾಳೆಯಲ್ಲಿ ಮತ್ತೆ ಕೂಡಿದಾಗ ಕೆಲವು ಬಣ್ಣ ಅಳಿದು, ಕೆಲವು ಉಳಿಯುತ್ತವೆ. ಈ ಒಡೆಯುವ ಗುಣವನ್ನು ಡೆನ್ಮಾರ್ಕಿನ ರಾಸ್ಮುಸ್ ಬಾರ್ಥೊಲಿನ್ 1669ರಲ್ಲೇ ಐಸ್‌ಲ್ಯಾಂಡಿನ ಕ್ಯಾಲ್ಸೈಟ್ ಹರಳಿನಲ್ಲಿ ಗುರುತಿಸಿ ಬರೆದಿಟ್ಟಿದ್ದ.

ಹಿಂದೆ ಬೀಳುವ ಅಂತರಕ್ಕೆ ಲೆಕ್ಕ ಸರಳ: ಹರಳಿನ ಒಡೆಯುವ ಗುಣದ ಅಂಕಿಯನ್ನು ದಪ್ಪದಿಂದ ಗುಣಿಸಬೇಕು. ಬೆಣಚುಕಲ್ಲಿಗೆ, ಅಂದರೆ ಕ್ವಾರ್ಟ್ಜ್‌ಗೆ, ಆ ಅಂಕಿ 0.009. ಯೂರಿಯಾಗೆ ಸುಮಾರು 0.12, ಅಂದರೆ ಹತ್ತು ಪಟ್ಟಿಗೂ ಹೆಚ್ಚು. ಅಂತರ ಸೊನ್ನೆಯಿಂದ ಏರುತ್ತ ಹೋದಂತೆ ಕಪ್ಪು, ಬೂದು, ಬಿಳಿ, ಹಳದಿ, ಕೇಸರಿ, ಕೆಂಪು ಈ ಕ್ರಮದಲ್ಲಿ ಬರುತ್ತವೆ. ಸುಮಾರು 550 ನ್ಯಾನೊಮೀಟರಿಗೆ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್) ಕೆನ್ನೇರಳೆ. ಅದನ್ನು ದಾಟಿದರೆ ನೀಲಿ, ಹಸಿರು, ಹಳದಿ, ಮತ್ತೆ ಕೆಂಪು. 1100 ಮೀರಿದ ಮೇಲೆ ಬಣ್ಣ ಮಾಸುತ್ತ ಹೋಗಿ ತಿಳಿ ಗುಲಾಬಿ, ತಿಳಿ ಹಸಿರು, ಕೊನೆಗೆ ಹಾಲಿನಂಥ ಬಿಳಿ.

ಹೊಸಬರು ಎಡವುವುದು ಇಲ್ಲಿಯೇ. ಬಣ್ಣ ಸಾಲದು ಅನ್ನಿಸಿದಾಗ ಇನ್ನಷ್ಟು ಯೂರಿಯಾ ಸುರಿಯುತ್ತಾರೆ, ಬಣ್ಣ ಇನ್ನೂ ಸಾಯುತ್ತದೆ. ಲೆಕ್ಕ ಹಾಕಿ ನೋಡಿ. 10 ಮಿಲೀ ನೀರಿಗೆ 1 ಗ್ರಾಂ ಯೂರಿಯಾ ಬೆರೆಸಿ, ಅದರಲ್ಲಿ 0.1 ಮಿಲೀ ತೆಗೆದು 10 ಚದರ ಸೆಂಟಿಮೀಟರ್ ಗಾಜಿನ ಮೇಲೆ ಹರಡಿದರೆ, ಒಣಗಿದ ಪೊರೆ ಸರಾಸರಿ 7 ಮೈಕ್ರಾನ್, ಅಂದರೆ 7000 ನ್ಯಾನೊಮೀಟರ್ ದಪ್ಪ. 0.12ರಿಂದ ಗುಣಿಸಿದರೆ 840 ನ್ಯಾನೊಮೀಟರ್, ಹಸಿರು ಹಳದಿಯ ಆಸುಪಾಸು, ಕಣ್ಣಿಗೆ ಹಬ್ಬ. ಅದೇ 3 ಗ್ರಾಂ ಹಾಕಿದರೆ ಅಂತರ 2000 ದಾಟಿ ಎಲ್ಲವೂ ಮಾಸಲು. ನಿಜದಲ್ಲಿ ಹರಳು ಎಲ್ಲೆಡೆ ಸಮನಾಗಿ ಕೂಡುವುದಿಲ್ಲ, ಏರಿಳಿತ ಇದ್ದೇ ಇರುತ್ತದೆ. ಪಟ್ಟೆಪಟ್ಟೆಯಾಗಿ ಬಣ್ಣ ಬರುವುದು ಆ ಏರಿಳಿತದಿಂದ.

ಇನ್ನೊಂದು ಮಾತು ಮೊದಲೇ ತಿಳಿದಿರಲಿ. ಅಡುಗೆ ಉಪ್ಪು, ಪಟಿಕ, ಪೊಟ್ಯಾಷ್ ಗೊಬ್ಬರ ಇವು ಬಣ್ಣ ಕೊಡುವುದಿಲ್ಲ. ಇವುಗಳ ಅಣುಜೋಡಣೆ ಘನಾಕಾರದ್ದು, ಮೂರೂ ದಿಕ್ಕಿಗೆ ಒಂದೇ ಸಮ, ಬೆಳಕು ಒಡೆಯುವುದೇ ಇಲ್ಲ. ಎಷ್ಟು ಚೆಂದದ ಹರಳು ಬೆಳೆದರೂ ಕತ್ತಲೆಯಲ್ಲೇ ಉಳಿಯುತ್ತವೆ.

ಸಾಮಾನು

ಬೆಳಕಿಗೆ ಎಲ್‌ಸಿಡಿ ಪರದೆ ಸಾಕು. ಲ್ಯಾಪ್‌ಟಾಪ್, ಮಾನಿಟರ್, ಟ್ಯಾಬ್ ಯಾವುದಾದರೂ ಸರಿ. ಅದರ ಮೇಲ್ಪದರದಲ್ಲಿ ಪೋಲರೈಸರ್ ಹಾಳೆ ಈಗಾಗಲೇ ಇದೆ, ಹೊರಬರುವ ಬೆಳಕು ಒಂದೇ ದಿಕ್ಕಿನದು. ಪೂರ್ತಿ ಬಿಳಿ ಪುಟ ತೆರೆದು ಬ್ರೈಟ್‌ನೆಸ್ ಕೊನೆಯವರೆಗೆ ಏರಿಸಿ, ನೈಟ್ ಮೋಡ್ ಆರಿಸಿ. ಬ್ರೈಟ್‌ನೆಸ್ ಕಮ್ಮಿ ಇಟ್ಟರೆ ಕೆಲವು ಪರದೆ ಮಿಣುಕಿ ಚಿತ್ರದಲ್ಲಿ ಅಡ್ಡಗೆರೆ ಬೀಳುತ್ತದೆ. ಪರದೆಗೆ ಅಂಟಿಸಿದ ಪ್ಲಾಸ್ಟಿಕ್ ಗಾರ್ಡ್ ಇದ್ದರೆ ತೆಗೆಯಲೇಬೇಕು, ಅದೂ ಬೆಳಕನ್ನು ತಿರುಚುತ್ತದೆ. ಅಮೋಲೆಡ್ ಮೊಬೈಲ್ ಪರದೆಗಳಲ್ಲಿ ಕೆಲವು ಕೆಲಸಕ್ಕೆ ಬರುತ್ತವೆ, ಕೆಲವು ಬರುವುದಿಲ್ಲ. ಪೋಲರೈಸರನ್ನು ಮುಂದೆ ಹಿಡಿದು ತಿರುಗಿಸಿ ನೋಡಿ. ಒಂದು ಕೋನದಲ್ಲಿ ಪರದೆ ಕಪ್ಪಾದರೆ ಸರಿ.

ಎರಡನೇ ಪೋಲರೈಸರ್ ಲೆನ್ಸ್ ಮುಂದೆ ಬೇಕು. ಕ್ಯಾಮೆರಾದ ಸಿಪಿಎಲ್ (ಸರ್ಕ್ಯುಲರ್ ಪೋಲರೈಸರ್) ಫಿಲ್ಟರ್ ಇದ್ದರೆ ಅದನ್ನು ಎಂದಿನಂತೆ ಲೆನ್ಸಿಗೆ ತಿರುಗಿಸಿ ಹಾಕಿ. ಕೈಯಲ್ಲಿ ಹಿಡಿಯುವುದಾದರೆ ಹೊರಮುಖ ಹರಳಿನ ಕಡೆಗೇ ಇರಲಿ. ತಿರುಗುಮುರುಗಾದರೆ ಕತ್ತಲೆ ಬರುವುದೇ ಇಲ್ಲ. ಸಿಪಿಎಲ್ ಇಲ್ಲದವರು ಬಳ್ಳಾರಿ, ರಾಯಚೂರಿನಲ್ಲಿ ಎಲ್‌ಇಡಿ ಟಿವಿ ಪ್ಯಾನೆಲ್ ರಿಪೇರಿ ಮಾಡುವ ಅಂಗಡಿಗಳಲ್ಲಿ ಪೋಲರೈಸರ್ ಶೀಟ್ ಕೇಳಬಹುದು. ಪರದೆ ಸುಟ್ಟುಹೋದ ಟಿವಿಗಳಿಗೆ ಹಾಕಲು ಇಟ್ಟಿರುತ್ತಾರೆ, ಕತ್ತರಿಸಿ ಉಳಿದ ತುಂಡೇ ನಮಗೆ ಧಾರಾಳ. ಅದರ ಎರಡೂ ಬದಿಯ ರಕ್ಷಣೆಯ ತೆಳುಪೊರೆಯನ್ನು ಕಿತ್ತು ಹಾಕಿ, ಇಲ್ಲದಿದ್ದರೆ ಆ ಪೊರೆಯದೇ ಬಣ್ಣ ಚಿತ್ರದಲ್ಲಿ ಸೇರಿಕೊಳ್ಳುತ್ತದೆ. ಅಂಟಿರುವ ಬದಿಯನ್ನು ತೆಳು ಗಾಜಿಗೆ ಅಂಟಿಸಿದರೆ ಧೂಳು ಹಿಡಿಯುವುದಿಲ್ಲ.

ಉಳಿದಂತೆ ಇಷ್ಟು: ಲ್ಯಾಬಿನ ಗಾಜಿನ ಸ್ಲೈಡು ಒಂದು ಡಬ್ಬಿ (75 × 25 ಮಿಮೀ), ಅದರ ಮೇಲೆ ಮುಚ್ಚುವ ತೆಳು ಗಾಜು ಅಂದರೆ ಕವರ್ ಸ್ಲಿಪ್, ಸೂಜಿ ಇಲ್ಲದ 1 ಮಿಲೀ ಸಿರಿಂಜು, 0.1 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿ, ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್, ಪಾರದರ್ಶಕ ಸೆಲೊಟೇಪು. ರಾಸಾಯನಿಕಗಳಲ್ಲಿ ಯೂರಿಯಾ, ನಿಂಬೆ ಉಪ್ಪು ಅಂತ ಕಿರಾಣಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್, ವಿಟಮಿನ್ ಸಿ ಪುಡಿ, ಹತ್ತಿ ಎಲೆ ಕೆಂಪಾದಾಗ ಸಿಂಪಡಿಸುವ ಮ್ಯಾಗ್ನೀಷಿಯಂ ಸಲ್ಫೇಟ್. ವಿಟಮಿನ್ ಸಿಗೆ ಜಗಿಯುವ ಮಾತ್ರೆ ಬೇಡ. ಅದರಲ್ಲಿ ಸಕ್ಕರೆ, ಬಣ್ಣ, ಪರಿಮಳ ಎಲ್ಲ ಸೇರಿ ಪಾಕದಂತೆ ಜಿಗುಟಾಗುತ್ತದೆ. ಶುದ್ಧ ಪುಡಿ ತೆಗೆದುಕೊಳ್ಳಿ.

ಮೊದಲ ದಿನ: ಟೇಪಿನ ಏಣಿ

ಹರಳು ಮುಟ್ಟುವ ಮೊದಲು ಒಂದು ಅಳತೆಪಟ್ಟಿ ಮಾಡಿಕೊಳ್ಳಿ. ಸ್ಲೈಡಿನ ಉದ್ದಕ್ಕೆ ಒಂದು ಟೇಪು ಅಂಟಿಸಿ. ಅದರ ಮೇಲೆ 1 ಸೆಂಟಿಮೀಟರ್ ಬಿಟ್ಟು ಎರಡನೆಯದು, ಇನ್ನೊಂದು ಸೆಂಟಿಮೀಟರ್ ಬಿಟ್ಟು ಮೂರನೆಯದು, ಹೀಗೆ ಆರು ಮೆಟ್ಟಿಲು. ಎಲ್ಲವೂ ಒಂದೇ ದಿಕ್ಕಿಗೆ ಇರಲಿ. ಪೋಲರೈಸರ್ ತಿರುಗಿಸಿ ಪರದೆಯನ್ನು ಪೂರ್ತಿ ಕಪ್ಪು ಮಾಡಿ, ಏಣಿಯನ್ನು ನಡುವೆ ತಂದು ನಿಧಾನಕ್ಕೆ ತಿರುಗಿಸಿ.

ಟೇಪು ಪೋಲರೈಸರಿನ ದಿಕ್ಕಿಗೆ ನೆಟ್ಟಗೆ ಅಥವಾ ಅಡ್ಡ ಇದ್ದಾಗ ಏನೂ ಕಾಣುವುದಿಲ್ಲ. 45 ಡಿಗ್ರಿಗೆ ಬಂದಾಗ ಆರು ಮೆಟ್ಟಿಲು ಆರು ಬಣ್ಣದಲ್ಲಿ ಹೊಳೆಯುತ್ತವೆ. ಒಂದು ಸುತ್ತು ತಿರುಗಿಸಿದರೆ ನಾಲ್ಕು ಸಲ ಬೆಳಗಿ ನಾಲ್ಕು ಸಲ ಆರುತ್ತವೆ. ಈಗ ಏಣಿಯನ್ನು ಅಲ್ಲೇ ಬಿಟ್ಟು ಪೋಲರೈಸರನ್ನು 90 ಡಿಗ್ರಿ ತಿರುಗಿಸಿ: ಕಪ್ಪು ನೆಲ ಬಿಳಿಯಾಗುತ್ತದೆ, ಪ್ರತಿ ಮೆಟ್ಟಿಲೂ ತನ್ನ ಎದುರು ಬಣ್ಣಕ್ಕೆ ಹೊರಳುತ್ತದೆ, ನೀಲಿ ಇದ್ದದ್ದು ಹಳದಿ, ಹಸಿರು ಇದ್ದದ್ದು ನೇರಳೆ. ಎರಡೂ ಸ್ಥಿತಿಯ ಚಿತ್ರ ತೆಗೆದು ಇಟ್ಟುಕೊಳ್ಳಿ. ಒಂದು ಪದರಿಗೆ ಯಾವ ಬಣ್ಣ ಎಂಬುದು ಟೇಪಿನಿಂದ ಟೇಪಿಗೆ ಬದಲು, ಹಾಗಾಗಿ ಒಂದು ಉರುಳೆ ಹಿಡಿದರೆ ಅದನ್ನೇ ಕೊನೆತನಕ ಬಳಸಿ.

ಮುಂದೆ ಹರಳಿನ ಚಿತ್ರದಲ್ಲೂ ನಿಮಗಿರುವ ತಿರುಗಣೆಗಳು ಇವೇ ಮೂರು. ಸ್ಲೈಡು ತಿರುಗಿಸಿದರೆ ಯಾವ ಹರಳು ಬೆಳಗಬೇಕು, ಯಾವುದು ಕತ್ತಲಲ್ಲಿರಬೇಕು ಎಂಬುದು ಬದಲಾಗುತ್ತದೆ. ಪೋಲರೈಸರ್ ತಿರುಗಿಸಿದರೆ ನೆಲ ಬದಲಾಗುತ್ತದೆ. ನಡುವೆ ಟೇಪು ಅಂಟಿಸಿದ ಗಾಜು ತೂರಿಸಿದರೆ ಇಡೀ ಚಿತ್ರದ ಬಣ್ಣ ಆ ಕ್ರಮದಲ್ಲಿ ಮುಂದಕ್ಕೋ ಹಿಂದಕ್ಕೋ ಜಾರುತ್ತದೆ. ಟೇಪನ್ನು ಬೇರೆಬೇರೆ ಕೋನಕ್ಕೆ ಒಂದರ ಮೇಲೊಂದು ಹಾಕಿದರೆ ಬರುವ ಫಲ ಊಹೆಗೆ ಸುಲಭವಾಗಿ ಸಿಗುವುದಿಲ್ಲ. ಇಂಥ ಪದರಗಳನ್ನು ಲೆಕ್ಕಕ್ಕೆ ತಂದು, ಮೂರು ಫಲಕಗಳನ್ನು ತಕ್ಕ ಕೋನದಲ್ಲಿ ಜೋಡಿಸಿ ಎಲ್ಲ ಬಣ್ಣಕ್ಕೂ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುವ ಹಾಗೆ ಮಾಡಿ ತೋರಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ, 1955ರಲ್ಲಿ. ಆಗ ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ನಮ್ಮ ರಾಜ್ಯದಲ್ಲೇ ನಡೆದ ಈ ಕೆಲಸವನ್ನು ಈ ಕಲೆಗೆ ಕೈಹಾಕುವವರು ತಿಳಿದಿರಬೇಕು.

ಗಾಜು ತೊಳೆದು ದ್ರಾವಣ ಎಳೆಯುವುದು

ಸ್ಲೈಡನ್ನು ಪಾತ್ರೆ ಸೋಪಿನಿಂದ ತೊಳೆದು, ಆರ್‌ಒ ನೀರಲ್ಲಿ ಜಾಲಿಸಿ, ಆಲ್ಕೊಹಾಲಿನಿಂದ ಒರೆಸಿ. ಅಂಚಷ್ಟೇ ಮುಟ್ಟಿ. ನೀರು ಬಿಟ್ಟು ನೋಡಿ: ತೆಳುವಾಗಿ ಹರಡಿದರೆ ಗಾಜು ಶುದ್ಧ, ಮುತ್ತಿನಂತೆ ಉಂಡೆಕಟ್ಟಿದರೆ ಇನ್ನೂ ಜಿಡ್ಡಿದೆ. ಬೋರ್‌ವೆಲ್ ನೀರನ್ನು ತೊಳೆಯಲೂ ಕರಗಿಸಲೂ ಬಳಸಬೇಡಿ. ಅದರ ಗಡಸು ಉಪ್ಪು ಗಾಜಿನ ಮೇಲೆ ತನ್ನದೇ ಬಿಳಿ ಕಲೆ ಬಿಡುತ್ತದೆ.

ಯೂರಿಯಾ: 10 ಮಿಲೀಗೆ 1 ಗ್ರಾಂ. ಕರಗುವಾಗ ಅದು ಶಾಖ ಹೀರಿಕೊಳ್ಳುತ್ತದೆ. ಹತ್ತಿಪ್ಪತ್ತು ಗ್ರಾಂ ಒಟ್ಟಿಗೆ ಕರಗಿಸಿದರೆ ಲೋಟ ಮುಟ್ಟಿದಾಗ ಮಡಕೆ ನೀರಿನಷ್ಟು ತಣ್ಣಗಿರುತ್ತದೆ. 2015ರಿಂದ ದೇಶದಲ್ಲಿ ತಯಾರಾಗುವ ಗೊಬ್ಬರದ ಯೂರಿಯಾಗೆಲ್ಲ ಬೇವಿನೆಣ್ಣೆ ಲೇಪ ಕಡ್ಡಾಯ. ಆ ಎಣ್ಣೆ ಪೊರೆ ಗಾಜಿನ ಮೇಲೆ ಹರಳು ಹಬ್ಬದಂತೆ ಅಲ್ಲಲ್ಲಿ ತಡೆದು ದುಂಡನೆಯ ತೂತು ಮಾಡುತ್ತದೆ. ದ್ರಾವಣವನ್ನು ಒಂದು ತಾಸು ಅಲುಗಾಡದಂತೆ ಇಟ್ಟು, ಮೇಲೆ ತೇಲಿದ್ದನ್ನು ಬಿಟ್ಟು ಸಿರಿಂಜಿನಿಂದ ಅಡಿಯ ದ್ರಾವಣ ಎಳೆದುಕೊಂಡು, ಸೋಸುವ ಕಾಗದದಲ್ಲಿ ಎರಡು ಸಲ ಸೋಸಿ.

ವಿಟಮಿನ್ ಸಿ: 10 ಮಿಲೀಗೆ 1 ಗ್ರಾಂ, ಅಂದಿನದನ್ನು ಅಂದೇ ಬಳಸಿ. ಇಟ್ಟರೆ ಗಾಳಿ ತಾಗಿ ಹಳದಿಯಾಗುತ್ತದೆ. ಮ್ಯಾಗ್ನೀಷಿಯಂ ಸಲ್ಫೇಟ್ ಬೆಳಕನ್ನು ಒಡೆಯುವ ಗುಣ ಯೂರಿಯಾದ ಕಾಲುಭಾಗದಷ್ಟು, ಆದ್ದರಿಂದ 10 ಮಿಲೀಗೆ 3 ಅಥವಾ 4 ಗ್ರಾಂ ಬೇಕು. ನಿಂಬೆ ಉಪ್ಪು ಇನ್ನೂ ಕಮ್ಮಿ ಒಡೆಯುತ್ತದೆ, ಅದಕ್ಕೆ 5 ಗ್ರಾಂ.

ಸಿರಿಂಜಿನಿಂದ 0.1 ಮಿಲೀ ಸ್ಲೈಡಿನ ಒಂದು ತುದಿಗೆ ಬಿಡಿ. ಇನ್ನೊಂದು ಸ್ಲೈಡಿನ ಅಂಚನ್ನು ಓರೆಯಾಗಿ ತಾಗಿಸಿ, ಹನಿ ಅಂಚಿನುದ್ದಕ್ಕೂ ಹರಿಯುವವರೆಗೆ ತಾಳಿ, ಒಂದೇ ಎಳೆತಕ್ಕೆ ಮುಂದಕ್ಕೆ ಎಳೆಯಿರಿ. ರಕ್ತಪರೀಕ್ಷೆ ಲ್ಯಾಬಿನಲ್ಲಿ ಮಾಡುವ ಹಾಗೆಯೇ. ಶುರುವಿನಲ್ಲಿ ದಪ್ಪ, ಕೊನೆಗೆ ತೆಳು. ಒಂದೇ ಗಾಜಿನ ಮೇಲೆ ಬೂದಿಯಿಂದ ಮಾಸಲು ಗುಲಾಬಿಯವರೆಗೆ ಎಲ್ಲ ದಪ್ಪವೂ ಸಿಗುವುದರಿಂದ ಕಲಿಕೆಗೆ ಇದೇ ಒಳ್ಳೆಯ ದಾರಿ.

ಬಿಸಿಲು, ತೇವ, ಕೆಂಧೂಳು

ಒಣಗುವ ವೇಗವೇ ಹರಳಿನ ಆಕಾರ. ಬೇಗ ಒಣಗಿದರೆ ಸಾವಿರ ಕಡೆ ಒಟ್ಟಿಗೆ ಹರಳು ಹುಟ್ಟಿ ಸಣ್ಣ ರವೆಯಂತಾಗುತ್ತದೆ. ನಿಧಾನವಾದರೆ ಕೆಲವೇ ಕಡೆ ಹುಟ್ಟಿ ಉದ್ದಕ್ಕೆ ಬೆಳೆಯುತ್ತವೆ. ರಾಯಚೂರು, ಕೊಪ್ಪಳ, ಬಳ್ಳಾರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ, ಒಣ ಗಾಳಿ. ಗಾಜನ್ನು ಹಾಗೇ ಬಿಟ್ಟರೆ ರವೆಯೇ ಗತಿ. ಸ್ಲೈಡಿನ ಮೇಲೆ ಬಟ್ಟಲು ಕವುಚಿ, ಒಂದು ಬದಿಗೆ ಬೆಂಕಿಕಡ್ಡಿ ಸಿಕ್ಕಿಸಿ ಸಣ್ಣ ಸಂದು ಬಿಡಿ. ಇನ್ನೂ ನಿಧಾನ ಬೇಕಿದ್ದರೆ ಒಳಗೆ ಒದ್ದೆ ಹತ್ತಿಯುಂಡೆ ಇಡಿ. ಮುಂಜಾನೆ ಐದರಿಂದ ಎಂಟರೊಳಗೆ ಎಳೆದ ಗಾಜುಗಳ ಹರಳು ಮಧ್ಯಾಹ್ನದವಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಾಗಿರುತ್ತದೆ.

ಜುಲೈ ಆಗಸ್ಟಿನಲ್ಲಿ ತೊಂದರೆ ಉಲ್ಟಾ. 30 ಡಿಗ್ರಿಯಲ್ಲಿ ಗಾಳಿಯ ತೇವ ಸುಮಾರು 73 ಶೇಕಡಾ ದಾಟಿದರೆ ಯೂರಿಯಾ ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಬಾಯಿ ಬಿಚ್ಚಿಟ್ಟ ಗೊಬ್ಬರದ ಚೀಲ ಮಳೆಗಾಲದಲ್ಲಿ ನೀರೊಡೆಯುವುದು ಇದೇ ಕಾರಣಕ್ಕೆ. ಆಗ ಗಾಜು ಒಣಗುವುದೇ ಇಲ್ಲ, ಒಣಗಿದ್ದೂ ರಾತ್ರಿ ಕರಗಿಹೋಗಿರುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಅದರೊಳಗೇ ಒಣಗಿಸಿ.

ನಿಂಬೆ ಉಪ್ಪಿನ ಒಂದು ಗುಣ ನಮ್ಮ ಹವೆಗೆ ಹೇಳಿ ಮಾಡಿಸಿದಂತಿದೆ. ನೀರಿನಿಂದ ಹರಳುಗಟ್ಟುವಾಗ 36.6 ಡಿಗ್ರಿಗಿಂತ ಕೆಳಗಿದ್ದರೆ ಅದು ತನ್ನೊಳಗೆ ನೀರಿನ ಅಣು ಸೇರಿಸಿಕೊಂಡ ಹರಳಾಗುತ್ತದೆ, ಮೇಲಿದ್ದರೆ ನೀರಿಲ್ಲದ ಹರಳು. ಎರಡರ ಒಳಜೋಡಣೆ ಬೇರೆ. ರಾಯಚೂರಿನ ಬೇಸಿಗೆಯಲ್ಲಿ ಅದೇ ಕೋಣೆಯ ಉಷ್ಣತೆ ಮುಂಜಾನೆ ಈ ಗೆರೆಯ ಕೆಳಗೆ, ಮಧ್ಯಾಹ್ನ ಮೇಲೆ. ಒಂದೇ ದ್ರಾವಣದಿಂದ ಎರಡೂ ಹೊತ್ತಿನಲ್ಲಿ ಗಾಜು ಎಳೆದು ಪಕ್ಕಪಕ್ಕ ಇಟ್ಟು ನೋಡಿ. ಹೀಟರ್ ಇಲ್ಲದೆ, ಫ್ರಿಜ್ ಇಲ್ಲದೆ, ಬರೀ ಹೊತ್ತು ನೋಡಿ ಮಾಡುವ ಪ್ರಯೋಗ. ಮ್ಯಾಗ್ನೀಷಿಯಂ ಸಲ್ಫೇಟ್ ಮಾತ್ರ ಬೇಸಿಗೆಗೆ ಹೊಂದುವುದಿಲ್ಲ. ಒಣ ಗಾಳಿಗೆ ತನ್ನೊಳಗಿನ ನೀರು ಬಿಟ್ಟುಕೊಟ್ಟು ಬಿಳಿ ಹಿಟ್ಟಾಗುತ್ತದೆ. ಅದನ್ನು ನವೆಂಬರ್ ಡಿಸೆಂಬರಿಗೆ ಇಟ್ಟುಕೊಳ್ಳಿ.

ಸಂಡೂರು, ಬಳ್ಳಾರಿ ಕಡೆಯವರಿಗೆ ಅದಿರಿನ ಕೆಂಧೂಳು ಬೇರೆ. ಒದ್ದೆ ಗಾಜಿನ ಮೇಲೆ ಒಂದು ಕಣ ಬಿದ್ದರೆ ಹರಳು ಹುಟ್ಟಲು ಅದೇ ನೆಲೆಯಾಗಿ, ಅಲ್ಲಿಂದ ಸುತ್ತಲೂ ಹಬ್ಬುತ್ತದೆ. ಬೇಡದ ಕಡೆ ಬಿದ್ದರೆ ಚಿತ್ರ ಕೆಟ್ಟಿತು. ಬೇಕೆಂದೇ ಬಳಸುವುದಾದರೆ ಇದು ಒಳ್ಳೆಯ ಉಪಾಯ: ಹರಳು ಎಲ್ಲಿಂದ ಬೆಳೆಯಬೇಕು ಅಂದುಕೊಂಡಿದ್ದೀರೋ ಅಲ್ಲಿಗೆ ಸೂಜಿಮೊನೆಯಿಂದ ಅದೇ ರಾಸಾಯನಿಕದ ಒಂದು ಒಣ ಕಣ ತಾಗಿಸಿ. ಅದಿರಿನ ಧೂಳಲ್ಲಿ ಬೆಳಕು ದಾಟದು, ಚಿತ್ರದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಅದೇ ರಾಸಾಯನಿಕದ ಕಣವಾದರೆ ಕಲೆ ಇರುವುದಿಲ್ಲ.

ವಿಟಮಿನ್ ಸಿ ಒಣಗುವುದನ್ನು ಪೋಲರೈಸರ್ ನಡುವೆ ಇಟ್ಟೇ ನೋಡಬೇಕು. ಮೊದಲು ಪಾರದರ್ಶಕ ಪಾಕ, ಏನೂ ಕಾಣದು. ಆಮೇಲೆ ಎಲ್ಲೋ ಒಂದು ಚುಕ್ಕೆ ಹುಟ್ಟಿ ದುಂಡಗೆ ಹಿಗ್ಗುತ್ತ ಬರುತ್ತದೆ. ಆ ದುಂಡಿನ ನಡುವೆ ಕೂಡಿಸುವ ಚಿಹ್ನೆಯಂತೆ ಕಪ್ಪು ಗೆರೆ, ನಾಲ್ಕು ಪಾಲಿನಲ್ಲಿ ಬಣ್ಣದ ಉಂಗುರ. ಸ್ಲೈಡು ತಿರುಗಿಸಿದರೂ ಆ ಕಪ್ಪು ಗೆರೆ ನಿಂತಲ್ಲೇ ನಿಲ್ಲುತ್ತದೆ. ಕೇಂದ್ರದಿಂದ ಎಲ್ಲ ದಿಕ್ಕಿಗೂ ಸೂಜಿಗಳು ಹೊರಟಿರುವುದರಿಂದ, ನೀವು ಎಷ್ಟೇ ತಿರುಗಿಸಿ, ಪೋಲರೈಸರಿನ ದಿಕ್ಕಿಗೆ ನೆಟ್ಟಗೆ ಬರುವ ಸೂಜಿಗಳು ಯಾವಾಗಲೂ ಇದ್ದೇ ಇರುತ್ತವೆ, ಅವೇ ಕಪ್ಪಾಗಿ ಕಾಣುತ್ತವೆ.

ಕರಗಿಸಿ ಬೆಳೆಸುವುದು

ನೀರಿಲ್ಲದೆ ಬರೀ ಶಾಖದಿಂದ ಕರಗಿಸಿ ತಣಿಸಿದ ನಿಂಬೆ ಉಪ್ಪು ಅಗಲ ಬೀಸಣಿಗೆಗಳನ್ನು ಕೊಡುತ್ತದೆ, ಇವು ದ್ರಾವಣದಿಂದ ಬರುವುದು ಕಷ್ಟ. ಅಡುಗೆಗೆ ಮತ್ತೆ ಬಳಸದ ಹಳೇ ತವೆ ತೆಗೆದುಕೊಳ್ಳಿ. ಸ್ಲೈಡಿನ ಮೇಲೆ ಜೋಳದ ಕಾಳಿನಷ್ಟು ನಿಂಬೆ ಉಪ್ಪು ಇಟ್ಟು, ಕವರ್ ಸ್ಲಿಪ್ ಮುಚ್ಚಿ, ಸಣ್ಣ ಉರಿಯ ತವೆ ಮೇಲಿಡಿ. ಸುಮಾರು 153 ಡಿಗ್ರಿಗೆ ಅದು ಕರಗಿ ಮುಚ್ಚಳದಡಿ ಹರಡುತ್ತದೆ. ಹರಡಿದ ಕೂಡಲೇ ಇಕ್ಕಳದಿಂದ ತೆಗೆಯಿರಿ. 175 ದಾಟಿದರೆ ಒಡೆದು ಕಂದಾಗಿ, ಗುಳ್ಳೆ ಎದ್ದು, ಮೂಗಿಗೆ ಘಾಟು ಹೊಡೆಯುತ್ತದೆ. ಕಿಟಕಿ ತೆರೆದಿರಲಿ, ಆಲ್ಕೊಹಾಲ್ ಬಾಟಲಿ ಬೇರೆ ಕೋಣೆಯಲ್ಲಿರಲಿ.

ತೆಗೆದ ಸ್ಲೈಡನ್ನು ಅಡುಗೆಮನೆಯ ಶಹಾಬಾದ್ ಕಲ್ಲಿನ ಮೇಲೆ ಇಟ್ಟರೆ ಟಪ್ ಅಂತ ಸೀಳುತ್ತದೆ. ಮಡಚಿದ ಪತ್ರಿಕೆ ಮೇಲಿಡಿ. ತಣಿದ ಮೇಲೂ ಅದು ಗಾಜಿನಂತೆ ಪಾರದರ್ಶಕವಾಗಿಯೇ ಉಳಿಯಬಹುದು. ಗಾಬರಿ ಬೇಡ, ಹರಳುಗಟ್ಟಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬೇಕು. ಅಂಚಿಗೆ ಒಂದು ಒಣ ಕಣ ತಾಗಿಸಿ, ಮತ್ತೆ ಸ್ವಲ್ಪ ಬೆಚ್ಚಗೆ ಮಾಡಿದರೆ ಬೇಗ ಶುರುವಾಗುತ್ತದೆ.

ಯೂರಿಯಾವನ್ನು ಹೀಗೆ ಕರಗಿಸಬೇಡಿ. 133 ಡಿಗ್ರಿಗೆ ಕರಗಿ, ಅದರಾಚೆ ಅಮೋನಿಯಾ ಬಿಡುತ್ತದೆ.

ಕ್ಯಾಮೆರಾ ಮುಂದೆ

ಪರದೆಗೂ ಸ್ಲೈಡಿಗೂ ನಡುವೆ 5 ಸೆಂಟಿಮೀಟರ್ ಅಂತರ ಬೇಕು, ಇಲ್ಲದಿದ್ದರೆ ಪರದೆಯ ಚುಕ್ಕೆಗಳೂ ಚಿತ್ರದಲ್ಲಿ ಬರುತ್ತವೆ. ಟ್ಯಾಬನ್ನು ಅಂಗಾತ ಮಲಗಿಸಿ, ನಾಲ್ಕು ಮೂಲೆಗೆ ಬೆಂಕಿಪೊಟ್ಟಣ ಪೇರಿಸಿ, ಮೇಲೆ ಕಿಟಕಿ ಗಾಜಿನ ತುಂಡು ಇಟ್ಟು ಅದರ ಮೇಲೆ ಸ್ಲೈಡು ಇಡುವುದು ಸುಲಭದ ದಾರಿ. ಟಫನ್ಡ್ ಗಾಜು, ಅಕ್ರಿಲಿಕ್ ಹಾಳೆ ಬೇಡ. ಅವುಗಳೊಳಗೆ ಬಿಗಿ ಸಿಕ್ಕಿಕೊಂಡಿರುವುದರಿಂದ ಅವೇ ಬಣ್ಣಬಣ್ಣವಾಗಿ ಕಾಣುತ್ತವೆ. ಬೆಳಕು ಮೃದುವಾಗಲಿ ಅಂತ ನಡುವೆ ಬಿಳಿ ಕಾಗದವನ್ನೋ ಬಟರ್ ಪೇಪರನ್ನೋ ಇಡುವವರು ಬಹಳ. ಅದು ಬೆಳಕಿನ ದಿಕ್ಕನ್ನು ಕಲಕಿಬಿಡುತ್ತದೆ, ಕಪ್ಪೂ ಬರದು, ಬಣ್ಣವೂ ಬರದು.

ಮ್ಯಾಕ್ರೊ ಲೆನ್ಸ್ ಇಲ್ಲದಿದ್ದರೆ 50 ಎಂಎಂ ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ತಿರುಗಿಸಿ ಕೂಡಿಸಿ, ಹೆಚ್ಚುಕಡಿಮೆ ನಿಜಗಾತ್ರ ಸಿಗುತ್ತದೆ. ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಹಿಗ್ಗಿಸಿ ಕುಗ್ಗಿಸುವ ಉಂಗುರ ಇರುವ ಹಳೇ ಲೆನ್ಸೇ ಇದಕ್ಕೆ ಉತ್ತಮ. ಆಗ ಫಿಲ್ಟರಿನ ಜಾಗ ರಿಂಗಿಗೆ ಹೋಗುವುದರಿಂದ ಪೋಲರೈಸರ್ ತುಂಡನ್ನು ಲೆನ್ಸಿಗೂ ಸ್ಲೈಡಿಗೂ ನಡುವೆ ಬೇರೆಯಾಗಿ ನಿಲ್ಲಿಸಬೇಕು. ಮೊಬೈಲಿನವರು ಕ್ಲಿಪ್ ಮ್ಯಾಕ್ರೊ ಲೆನ್ಸ್ ಮುಂದೆ ತುಂಡನ್ನು ಅಂಟಿಸಿದರೆ ಆಯಿತು.

ಎಫ್/5.6 ಅಥವಾ 8ರಲ್ಲಿಡಿ. ಹತ್ತಿರದ ಚಿತ್ರದಲ್ಲಿ ಅಪರ್ಚರ್ ನಿಜಕ್ಕೂ ಇನ್ನೂ ಸಣ್ಣದಾಗಿ ವರ್ತಿಸುತ್ತದೆ: ನಿಜಗಾತ್ರದಲ್ಲಿ ಎಫ್/8 ಅಂದರೆ ಎಫ್/16ರಷ್ಟು, ಎರಡು ಪಟ್ಟು ದೊಡ್ಡದು ಮಾಡಿದರೆ ಎಫ್/24ರಷ್ಟು. ಇನ್ನೂ ಮುಚ್ಚಿದರೆ ಸೂಜಿಗಳ ಅಂಚು ಮೆತ್ತಗಾಗುತ್ತದೆ. ಐಎಸ್‌ಒ 100, ಷಟರ್ ಕಾಲು ಸೆಕೆಂಡಿನಿಂದ ಒಂದು ಸೆಕೆಂಡು, 2 ಸೆಕೆಂಡ್ ಟೈಮರ್. ಸೀಲಿಂಗ್ ಫ್ಯಾನ್ ಆರಿಸಿ, ಬೇಸಿಗೆಯಲ್ಲಿ ಎಷ್ಟೇ ಕಷ್ಟವಾದರೂ ಸರಿ. ಆ ಗಾಳಿಗೆ ಮೇಜೂ ಅಲುಗುತ್ತದೆ, ಸ್ಲೈಡೂ ಅಲುಗುತ್ತದೆ. ಕೋಣೆಯ ಬೇರೆ ದೀಪಗಳೂ ಆರಲಿ, ಗಾಜಿನ ಮೇಲೆ ಪ್ರತಿಫಲಿಸಿ ಕಪ್ಪನ್ನು ಬೂದು ಮಾಡುತ್ತವೆ.

ವೈಟ್ ಬ್ಯಾಲೆನ್ಸ್ 6500ಕ್ಕೆ ಕಟ್ಟಿಹಾಕಿ, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಕಚ್ಚಾ ಫೈಲು) ತೆಗೆಯಿರಿ. ಆಟೊದಲ್ಲಿಟ್ಟರೆ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಬಣ್ಣ ತಿದ್ದುತ್ತದೆ. ಆಗ ಇದು ಎಷ್ಟನೇ ಮೆಟ್ಟಿಲಿನ ಹಸಿರು ಅಂತ ಏಣಿಯ ಚಿತ್ರದೊಂದಿಗೆ ಹೋಲಿಸಲು ಆಗುವುದಿಲ್ಲ. ಎಕ್ಸ್‌ಪೋಷರನ್ನು ಸ್ವಲ್ಪ ಕಮ್ಮಿಯೇ ಇಡಿ. ನೀಲಿ, ಕೆಂಪು ಚಾನೆಲ್ ಒಂದು ಸಲ ತುಂಬಿ ಹರಿದರೆ ಆ ಜಾಗದ ಹರಳಿನ ಗೆರೆಗಳು ಮತ್ತೆ ಸಿಗುವುದಿಲ್ಲ.

ಎಲ್ಲಿ ಚೌಕಟ್ಟು ಕಟ್ಟಬೇಕು

ಮೊದಲ ವಾರ ಎಲ್ಲರೂ ಇಡೀ ಗಾಜು ತುಂಬುವಂತೆ ತೆಗೆಯುತ್ತಾರೆ. ಬಣ್ಣ ಎಲ್ಲ ಕಡೆ, ಕಣ್ಣಿಗೆ ನೆಲೆಯಿಲ್ಲ. ಸಂಡೂರಿನ ಲಂಬಾಣಿ ಕಸೂತಿಯನ್ನು ಹತ್ತಿರದಿಂದ ನೋಡಿ. ಅಷ್ಟೊಂದು ಬಣ್ಣ, ಕನ್ನಡಿ ಚೂರು ಇದ್ದರೂ ಗಾಢ ಬಣ್ಣದ ನೆಲದ ಬಟ್ಟೆ ಎಲ್ಲವನ್ನೂ ಹಿಡಿದು ಕಟ್ಟಿರುತ್ತದೆ. ಹರಳಿನ ಚಿತ್ರದಲ್ಲಿ ಆ ಕೆಲಸ ಕತ್ತಲೆಯದು. ಚೌಕಟ್ಟಿನ ಮೂರನೇ ಒಂದು ಭಾಗವಾದರೂ ಕಪ್ಪು ಉಳಿಯುವಂತೆ ಸ್ಲೈಡು ತಿರುಗಿಸಿ ನೋಡಿ, ಚಿತ್ರ ತಾನಾಗಿ ಗಟ್ಟಿಯಾಗುತ್ತದೆ.

ನೋಡಬೇಕಾದ ಜಾಗಗಳು ಮುಖ್ಯವಾಗಿ ಎರಡು. ಒಂದು, ಎರಡು ಕಡೆಯಿಂದ ಬೆಳೆದು ಬಂದ ಹರಳುಗಳು ಎದುರುಬದುರಾಗಿ ತಡೆದು ನಿಂತ ಗೆರೆ. ಅಲ್ಲಿ ಬಣ್ಣವೂ ದಿಕ್ಕೂ ಒಮ್ಮೆಲೇ ಮುರಿಯುತ್ತವೆ. ಇನ್ನೊಂದು, ದ್ರಾವಣ ಕೊನೆಗೆ ಒಣಗಿದ ತೆಳು ಅಂಚು. ಅಲ್ಲಿ ಬೂದಿ, ಬಿಳಿ, ತಿಳಿ ಹಳದಿ ಅಷ್ಟೇ ಇರುತ್ತದೆ, ಹೆಚ್ಚಿನವರು ಬಿಟ್ಟು ಹೋಗುತ್ತಾರೆ. ನಮ್ಮ ದೃಷ್ಟಿಯಲ್ಲಿ ಬಾಳಿಕೆ ಬರುವ ಚಿತ್ರಗಳು ಹೆಚ್ಚಾಗಿ ಸಿಗುವುದು ಆ ಅಂಚಿನಲ್ಲೇ.

ಬಣ್ಣ ಬದಲಿಸಬೇಕು ಅನ್ನಿಸಿದರೆ ಸ್ಯಾಚುರೇಶನ್ ಪಟ್ಟಿಗೆ ಕೈಹಾಕಬೇಡಿ, ಏಣಿಯ ಒಂದು ಮೆಟ್ಟಿಲನ್ನು ಹರಳಿನ ಕೆಳಗೆ 45 ಡಿಗ್ರಿಗೆ ತೂರಿಸಿ. ಬೂದಿ ಅಂಚು ನೀಲಿಗೋ ಕೇಸರಿಗೋ ತಿರುಗುತ್ತದೆ. ಹರಳಿನ ದಿಕ್ಕಿಗೆ ತಕ್ಕಂತೆ ಒಂದು ಸೂಜಿಗೆ ಅಂತರ ಕೂಡುತ್ತದೆ, ಅದಕ್ಕೆ ಅಡ್ಡ ಬಿದ್ದ ಸೂಜಿಗೆ ಕಳೆಯುತ್ತದೆ. ಹಾಗಾಗಿ ಒಂದೇ ದಪ್ಪದ ಎರಡು ಹರಳು ಎರಡು ಬಣ್ಣಕ್ಕೆ ಬೇರೆಯಾಗುತ್ತವೆ. ಕಂಪ್ಯೂಟರಿನ ಪಟ್ಟಿ ಈ ಭೇದ ಮಾಡಲಾರದು.

ಕಲ್ಲಿನ ದಾರಿ

ಭೂವಿಜ್ಞಾನ ವಿಭಾಗ ಇರುವ ಕಾಲೇಜಿನ ಪರಿಚಯ ಇದ್ದವರಿಗೆ ಇನ್ನೊಂದು ಬಾಗಿಲಿದೆ. ಕಲ್ಲನ್ನು 0.03 ಮಿಮೀ ದಪ್ಪಕ್ಕೆ ಉಜ್ಜಿ ಗಾಜಿಗೆ ಅಂಟಿಸಿದ ಸ್ಲೈಡುಗಳು ಅಲ್ಲಿರುತ್ತವೆ. ರಾಮನಗರದ ಕಡೆಯಿಂದ ಹಂಪಿ ಸೀಮೆಯವರೆಗೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟಿನ ಸ್ಲೈಡು ಸಿಕ್ಕರೆ ಬಿಡಬೇಡಿ. ಆ ದಪ್ಪಕ್ಕೆ ಬೆಣಚುಕಲ್ಲಿನ ಅಂತರ 270 ನ್ಯಾನೊಮೀಟರ್, ಬರೀ ಬೂದು ಬಿಳಿ. ಅದರ ಪಕ್ಕದ ಮೈಕ್ರೊಕ್ಲೈನ್ ಎಂಬ ಖನಿಜದಲ್ಲಿ ಎರಡು ದಿಕ್ಕಿನ ಸಣ್ಣ ಗೆರೆಗಳು ಒಂದನ್ನೊಂದು ದಾಟಿ ಇಳಕಲ್ ಚೌಕಳಿ ಸೀರೆಯ ಮೈಯಂತೆ ಕಾಣುತ್ತವೆ. ಕಪ್ಪು ಬಿಳುಪಿನ ಅಮೂರ್ತ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ.

ಗುರುತು, ಕಾಪು, ಪ್ರಿಂಟು

ಪ್ರತಿ ಸ್ಲೈಡಿನ ಅಂಚಿಗೆ ಪರ್ಮನೆಂಟ್ ಮಾರ್ಕರಿನಿಂದ ರಾಸಾಯನಿಕ, ಪ್ರಮಾಣ, ದಿನ, ಹೊತ್ತು, ಕೋಣೆಯ ಉಷ್ಣತೆ ಬರೆಯಿರಿ. ಮೂರು ತಿಂಗಳ ನಂತರ ಅದೇ ಬೀಸಣಿಗೆ ಮತ್ತೆ ಬೇಕಾದಾಗ ದಾರಿ ತೋರುವುದು ಈ ಐದು ವಿವರವೇ. ಚಿತ್ರ ತೆಗೆದ ದಿನವೇ ಕವರ್ ಸ್ಲಿಪ್ ಮುಚ್ಚಿ ಅಂಚಿಗೆ ನೇಲ್ ಪಾಲಿಶ್ ಬಳಿದು, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಹಾಗೇ ಬಿಟ್ಟ ಯೂರಿಯಾ ಸ್ಲೈಡು ಒಂದು ಮಳೆಗಾಲ ದಾಟುವುದಿಲ್ಲ.

ಪ್ರಿಂಟಿಗೆ ಫ್ಲೆಕ್ಸ್ ಅಂಗಡಿ ಬೇಡ, ಸೂಜಿಗಳ ಸಣ್ಣ ಗೆರೆ ಅಲ್ಲಿ ನಿಲ್ಲುವುದಿಲ್ಲ. ಫೋಟೊ ಲ್ಯಾಬಿನಲ್ಲಿ ಮೊದಲು 6 × 8 ಇಂಚಿನ ಒಂದು ಪರೀಕ್ಷೆ ಪ್ರತಿ ತೆಗೆಸಿ. ಪರದೆಯಲ್ಲಿ ಉರಿಯುವ ನೀಲಿ, ಕೆನ್ನೇರಳೆ ಬಣ್ಣಗಳನ್ನು ಕಾಗದದ ಶಾಯಿ ಮುಟ್ಟಲಾರದು, ಅಲ್ಲಿ ಒಂದೇ ಸಮನೆ ಬಣ್ಣ ಬಳಿದಂತೆ ಸಪಾಟಾಗುತ್ತದೆ. ಹಾಗಾದರೆ ಆ ಎರಡು ಬಣ್ಣವನ್ನಷ್ಟೇ ಸ್ವಲ್ಪ ತಗ್ಗಿಸಿ, ಒಳಗಿನ ಗೆರೆ ಮರಳಿ ಕಾಣುವವರೆಗೆ ಇನ್ನೊಂದು ಪ್ರತಿ ತೆಗೆಸಿ, ಆಮೇಲೆ ದೊಡ್ಡದಕ್ಕೆ ಕೊಡಿ.